‘ಚಪ್ಪರ’ವೆಂಬ ಚಿತ್ರವೂ ಸಿಲ್ವೆಸ್ಟ್ರೋ ಲೇಗನೂ

ಕೃತಿಕಾರನ ಬಾಳಿನಲ್ಲಿ ಮುಂದೆ ನಡೆದುದನ್ನು ಅವನ ಹಿಂದಿನ ಕೃತಿಯಲ್ಲಿ ಕಾಣುವುದು ವಿಮರ್ಶೆಯಲ್ಲಿ ಸುಲಭವಾಗಿ ಒದಗುವ ದೋಷ. ಕಾವ್ಯದಲ್ಲಿರುವಂತೆ ಚಿತ್ರದಲ್ಲಿಯೂ ಈ ದೋಷಕ್ಕೆ ಅವಕಾಶವುಂಟು. ಇಟಲಿ ದೇಶದ ಸಿಲ್ವೆಸ್ಟ್ರೋ ಲೇಗನು ೧೮೬೮ರಲ್ಲಿ ರಚಿಸಿದ ‘ಚಪ್ಪರ’ವೆಂಬ ತೈಲಚಿತ್ರವು ಇದಕ್ಕೆ ನಿದರ್ಶನವಾಗಬಲ್ಲುದು. ಅದು ಈಗ ಮಿಲಾನ್ ನಗರದ ಬ್ರೇರಾ ಚಿತ್ರಶಾಲೆಯಲ್ಲಿರುವುದು.

ಚಿತ್ರದ ವಸ್ತು ಅತ್ಯಲ್ಪವಾದುದು. ಬೇಸಗೆಯ ಮಧ್ಯಾಹ್ನ, ಬಳ್ಳಿ ಹಬ್ಬಿದ ಚಪ್ಪರದ ನೆರಳಿನಲ್ಲಿ ಕೆಲವರು ಸ್ತ್ರೀಯರು ಕುಳಿತಿರುವರು, ಜೊತೆಗೆ ಒಬ್ಬ ಬಾಲಿಕೆ. ಪರಿಚಾರಿಕೆಯೊಬ್ಬಳು ಕಾಫಿಯ ತಟ್ಟೆಯನ್ನು ಹಿಡಿದು ಅವರೆಡೆಗೆ ನಡೆದುಬರುತ್ತಿರುವಳು. ಆಚೆ ಬಿಸಿಲು ಬಿದ್ದ ಬಯಲು. ‘ಊಟವಾದ ಮೇಲೆ’ ಎಂಬ ಹೆಸರೂ ಈ ಚಿತ್ರಕ್ಕುಂಟು.

ಲೇಗನು ೧೮೨೬ನೆಯ ಇಸವಿಯ ಡಿಸೆಂಬರ್ ೮ರಂದು ಮೋದಿಲ್ಯಾನ ಎಂಬ ಊರಿನಲ್ಲಿ ಜನಿಸಿದನು. ಫ್ಲಾರೆನ್ಸಿನ ಕಲಾಶಾಲೆಯಲ್ಲಿ ಅಭ್ಯಾಸಮಾಡಿ, ಬಳಿಕ ಲುಯೀಜಿ ಮುಸ್ಸೀನಿಯಲ್ಲಿ ಶುದ್ಧರೇಖೆಯ ಶಿಕ್ಷಣವನ್ನು ಪಡೆದನು. ೧೮೪೮ರಲ್ಲಿ ಸ್ವಯಂಸೇವಕನಾಗಿ ಆಸ್ಟ್ರಿಯಾದವರೊಡನೆ ಕಾದಿದನು. ಮ್ಯಾಟ್ಸೀನಿಯ ಪ್ರಜಾಪ್ರಭುತ್ವದ ತತ್ತ್ವದಲ್ಲಿ ಅವನಿಗೆ ದೃಢವಾದ ನಿಷ್ಠೆಯಿದ್ದಿತು. ೧೮೭೨ರಲ್ಲಿ ಆ ಮಹನೀಯನು ತೀರಿಕೊಂಡಮೇಲೆ ಅವನ ಅಂತ್ಯಕಾಲವನ್ನು ಲೇಗನು ಚಿತ್ರಿಸಿದನು.

ಆ ಕಾಲದಲ್ಲಿ ಫ್ಲಾರೆನ್ಸಿನ ಕೆಲವರು ತರುಣರು ನೆರಳುಬೆಳಕುಗಳನ್ನು ವರ್ಣದ ಹರಹುಗಳಿಂದಲೇ ತೋರಿಸಲು ತೊಡಗಿದ್ದರು. ೧೮೬೨ರಲ್ಲಿ ಪತ್ರಿಕೆಯೊಂದು ಪರಿಹಾಸಕ್ಕಾಗಿ ಇವರನ್ನು ‘ಮಾಕ್ಯಾಯೋಲಿ’ ಎಂದು ಕರೆಯಿತು. ‘ಮಾಕ್ಯಾ’ ಎಂದರೆ ಕಲೆ; ಬಟ್ಟೆಗೆ ಅಂಟುವ ಕಲೆಯೇ ಹೊರತು ಚಿತ್ರಕಲೆಯಲ್ಲ! ನಿಂದೆಯ ಹೆಸರೇ ಪಂಥದ ಬಿರುದಾಯಿತು. ಲೇಗನೂ ಈ ಗುಂಪನ್ನು ಸೇರಿದನು.

ನಗರದ ಹೊರಗಣ ಪ್ಯಾಜೆಂತೀನ ಎಂಬಲ್ಲಿ ಬತೆಲ್ಲಿ ಎಂಬ ಕುಟುಂಬದವರು ಅವನಿಗೆ ಆಶ್ರಯವಿತ್ತರು. ಆ ಮನೆಯ ವರ್ಜೀನಿಯಾಳಲ್ಲಿ ಅವನಿಗೆ ಅನುರಾಗ ಬೆಳೆಯಿತು. ‘ಚಪ್ಪರ’ವು ಆ ಪರಿಸರದಲ್ಲಿಯೇ ಹುಟ್ಟಿದ ಕೃತಿ. ಎರಡೇ ವರ್ಷಗಳಲ್ಲಿ, ೧೮೭೦ರಲ್ಲಿ, ಆಕೆ ಕ್ಷಯರೋಗದಿಂದ ಮೃತಳಾದಳು. ಲೇಗನು ಹುಟ್ಟೂರಿಗೆ ಹಿಂದಿರುಗಿದನು. ಕಣ್ಣಿನ ರೋಗವೂ ಅವನನ್ನು ಬಾಧಿಸಿತು. ೧೮೭೫ರಲ್ಲಿ ಸ್ನೇಹಿತನೊಡನೆ ಫ್ಲಾರೆನ್ಸಿನಲ್ಲಿ ತೆರೆದ ಚಿತ್ರಶಾಲೆಯು ನಿಲ್ಲಲಿಲ್ಲ. ದೃಷ್ಟಿ ಕ್ಷೀಣಿಸಿದರೂ ಗಾಬ್ರೋ ಗ್ರಾಮದ ಜನರನ್ನು ಚಿತ್ರಿಸುತ್ತಿದ್ದು, ೧೮೯೫ರ ಸೆಪ್ಟೆಂಬರಿನಲ್ಲಿ ಫ್ಲಾರೆನ್ಸಿನಲ್ಲಿ ಮರಣಹೊಂದಿದನು.

ಇದನ್ನೆಲ್ಲ ಅರಿತವನಿಗೆ ಚಪ್ಪರದ ನೀರವತೆಯಲ್ಲಿ ಮರಣದ ಛಾಯೆಯು ತೋರುವುದು ಸಹಜ. ಆದರೆ ೧೮೬೮ರ ಚಿತ್ರವು ೧೮೭೦ರ ದುಃಖವನ್ನು ಅರಿಯದು. ಆ ನೀರವತೆಗೆ ಕಾರಣವನ್ನು ಚಿತ್ರದೊಳಗೇ ಹುಡುಕಬೇಕು. ಅಲ್ಲಿ ಚಪ್ಪರದ ಕಂಬಗಳು ನೆಟ್ಟಗೆ ನಿಂತು ದೃಶ್ಯವನ್ನು ಅಳೆದು ವಿಭಾಗಿಸುತ್ತವೆ. ಎಲೆಗಳ ನಡುವಿನಿಂದ ಇಳಿದ ಬಿಸಿಲು ನೆಲದಮೇಲೆ ನಿಯತವಾಗಿ ಹರಡಿದೆ. ನಡೆದುಬರುವವಳ ಆಕೃತಿಯೂ ಹದಿನೈದನೆಯ ಶತಮಾನದ ಟಸ್ಕನಿಯ ಭಿತ್ತಿಚಿತ್ರಗಳಲ್ಲಿರುವಂತೆ ಸ್ಥಿರಗಂಭೀರವಾಗಿದೆ. ನಮ್ಮ ಚಿತ್ರಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ಗುರುವಿನಿಂದ ಬಂದ ರೇಖೆಯೂ ಗೆಳೆಯರಿಂದ ಬಂದ ವರ್ತನೆಯೂ ಇಲ್ಲಿ ಒಂದಕ್ಕೊಂದು ವಿರೋಧವಿಲ್ಲದೆ ಕೂಡಿವೆ. ಶಾಂತಿಯು ಈ ಸಾಮರಸ್ಯದ ಫಲವೇ ಹೊರತು ಮುಂಬರುವ ಶೋಕದ ಸೂಚನೆಯಲ್ಲ.

ಯುದ್ಧವನ್ನು ಕಂಡುಬಂದವನು ಕಾಫಿಗಾಗಿ ಕಾದಿರುವ ಸ್ತ್ರೀಯರನ್ನು ಇಷ್ಟು ಗೌರವದಿಂದ ಬರೆದಿರುವನು. ಅವರ ಆ ಮಧ್ಯಾಹ್ನವನ್ನು ನಮ್ಮ ಅನುಕಂಪದಿಂದ ಕದಡದೆ ಅವರಿಗೇ ಬಿಟ್ಟುಕೊಡುವುದು ಸಹೃದಯನ ಧರ್ಮವೆಂದು ನಮ್ಮ ಅಭಿಪ್ರಾಯ.