ಹಲಗೆ ಎಷ್ಟು ದಿನ ಅತಿಥಿ?

ವಿಚಾರ ಸಂಕಿರಣಗಳಿಗೆ ಹಲಗೆಯವರನ್ನು ಕರೆಸುವ ರೂಢಿ ನಮ್ಮ ವಿಶ್ವವಿದ್ಯಾಲಯಗಳಿಗೆ ಹೊಸದೇನಲ್ಲ. ಗಣ್ಯರು ಕಾರಿನಿಂದ ಇಳಿದ ಕೂಡಲೇ ಹಲಗೆ ಶುರುವಾಗುತ್ತದೆ. ಮೆರವಣಿಗೆ ಸಭಾಂಗಣದ ಬಾಗಿಲು ಮುಟ್ಟಿದ ಕೂಡಲೇ ನಿಲ್ಲುತ್ತದೆ. ಒಳಗೆ ದಲಿತ ಸಂಸ್ಕೃತಿಯ ಮೇಲೆ ಪ್ರಬಂಧ ಓದುತ್ತಿರುವಾಗ ಬಾರಿಸಿದವರು ಹೊರಗೆ ಮರದ ನೆರಳಲ್ಲಿ ಊಟಕ್ಕೂ ಬಸ್ ಚಾರ್ಜಿಗೂ ಕಾಯುತ್ತ ಕೂತಿರುತ್ತಾರೆ. ಆಹ್ವಾನ ಪತ್ರಿಕೆಯಲ್ಲಿ ಉದ್ಘಾಟಕರ ಹೆಸರಿದೆ, ಅಧ್ಯಕ್ಷರ ಹೆಸರಿದೆ, ವಂದನಾರ್ಪಣೆ ಮಾಡುವವರ ಹೆಸರೂ ಇದೆ. ಹಲಗೆಯವರಿಗೆ 'ಜಾನಪದ ಕಲಾತಂಡ' ಅಂತ ಒಂದೇ ಸಾಲು. ಇದನ್ನು ಗೌರವ ಅನ್ನಬೇಕೋ, ಹಳೇ ಊಳಿಗದ ಮುಂದುವರಿಕೆ ಅನ್ನಬೇಕೋ? ಚರಿತ್ರೆಯನ್ನು ಕೇಳಿ ನೋಡಬೇಕು.

ಈ ಪ್ರಶ್ನೆಗೆ ನಮ್ಮ ನೆಲದ ಚರಿತ್ರೆಯ ಜೊತೆಗೆ ಅಮೆರಿಕದ ಕಪ್ಪು ಜನರ ಚರಿತ್ರೆಯೂ ಒದಗುತ್ತದೆ. ಜೋತಿಬಾ ಫುಲೆ 1873ರಲ್ಲಿ 'ಗುಲಾಮಗಿರಿ'ಯನ್ನು ಅರ್ಪಿಸಿದ್ದು ಗುಲಾಮರ ಬಿಡುಗಡೆಗೆ ದುಡಿದ ಅಮೆರಿಕದ ಜನರಿಗೆ. 1946ರಲ್ಲಿ ಬಾಬಾಸಾಹೇಬರು ಕಪ್ಪು ಜನರ ಚಿಂತಕ ಡುಬಾಯ್ಸ್ ಅವರಿಗೆ ಕಾಗದ ಬರೆದರು. 1972ರಲ್ಲಿ ಮುಂಬಯಿಯ ತರುಣರು 'ದಲಿತ ಪ್ಯಾಂಥರ್ಸ್' ಅಂತ ಹೆಸರಿಟ್ಟುಕೊಂಡದ್ದೂ ಅಲ್ಲಿಯ ಬ್ಲ್ಯಾಕ್ ಪ್ಯಾಂಥರ್ಸರನ್ನು ನೋಡಿಯೇ. ವಿಚಾರದಲ್ಲಿ ಇಷ್ಟು ಕೊಡುಕೊಳ್ಳುವಿಕೆ ಇದ್ದರೂ ಎರಡೂ ಕಡೆಯ ಚರ್ಮವಾದ್ಯಗಳನ್ನು ಅಕ್ಕಪಕ್ಕ ಇಟ್ಟು ನೋಡಿದ್ದು ಕಡಿಮೆ.

1739ರಲ್ಲಿ ದಕ್ಷಿಣ ಕೆರೊಲಿನಾದ ಸ್ಟೋನೊ ನದಿಯ ಬಳಿ ಗುಲಾಮರು ಡೋಲು ಬಾರಿಸುತ್ತ ದಂಗೆ ಎದ್ದರು. ಮರುವರ್ಷವೇ ಬಂದ ಕಾನೂನು ಗುಲಾಮರು ಡೋಲು, ಕಹಳೆಗಳನ್ನು ಇಟ್ಟುಕೊಳ್ಳುವುದನ್ನೇ ನಿಷೇಧಿಸಿತು. ಡೋಲು ಜನರನ್ನು ಒಂದುಗೂಡಿಸುತ್ತದೆ ಅನ್ನುವುದು ಒಡೆಯರಿಗೆ ಚೆನ್ನಾಗಿ ಗೊತ್ತಿತ್ತು. ನ್ಯೂ ಆರ್ಲಿಯನ್ಸ್ ಪಟ್ಟಣ 1817ರಲ್ಲಿ ಗುಲಾಮರ ಕೂಟಗಳಿಗೆ ಭಾನುವಾರ ಒಂದು ದಿನ, ಒಂದೇ ಜಾಗ ಅಂತ ಕಟ್ಟುಮಾಡಿತು. ಆ ಬಯಲೇ ಕಾಂಗೋ ಸ್ಕ್ವೇರ್. ಇಪ್ಪತ್ತನೇ ಶತಮಾನದ ಹೊತ್ತಿಗೆ ಅದೇ ಪಟ್ಟಣದಲ್ಲಿ ಜಾಝ್ ರೂಪುಗೊಂಡಿತು. ಸೈನ್ಯದ ಬ್ಯಾಂಡುಗಳಲ್ಲಿ ಬೇರೆಬೇರೆಯವರು ಹೊತ್ತು ಬಾರಿಸುತ್ತಿದ್ದ ದೊಡ್ಡ ಡೋಲು, ಸಣ್ಣ ಡೋಲು, ಕಂಚಿನ ತಾಳಗಳನ್ನು ಒಬ್ಬನೇ ಕೂತು ಕೈಕಾಲು ನಾಲ್ಕರಿಂದಲೂ ನುಡಿಸುವ ವಿದ್ಯೆ ಅಲ್ಲಿ ಬೆಳೆಯಿತು. 1909ರಲ್ಲಿ ಬಂದ ಲುಡ್ವಿಗ್ ಕಾಲುಪೆಡಲು ಅದನ್ನು ಇನ್ನಷ್ಟು ಸಲೀಸು ಮಾಡಿತು.

ಈ ಸಂಗೀತ ವಿಶ್ವವಿದ್ಯಾಲಯದ ಒಳಗೆ ಹೋದ ಬಗೆಯನ್ನು ನೋಡಿ. 1947ರಲ್ಲಿ ಟೆಕ್ಸಾಸ್‌ನ ಡೆಂಟನ್ ಊರಿನ ಸರ್ಕಾರಿ ಕಾಲೇಜು ಇದಕ್ಕೆ ಪದವಿ ಕೋರ್ಸು ತೆರೆಯಿತು. ಇವತ್ತಿನ ನಾರ್ತ್ ಟೆಕ್ಸಾಸ್ ವಿಶ್ವವಿದ್ಯಾಲಯ ಅದೇ. ಕೋರ್ಸಿಗೆ ಜಾಝ್ ಅಂತ ಹೆಸರಿಡದೆ 'ಡ್ಯಾನ್ಸ್ ಬ್ಯಾಂಡ್' ಅಂತ ಕರೆದರು. ಅಲ್ಲಿ ಕಪ್ಪು ವಿದ್ಯಾರ್ಥಿಗಳಿಗೆ ಪದವಿ ತರಗತಿಯ ಬಾಗಿಲು ತೆರೆದದ್ದು 1956ರಲ್ಲಿ, ಅದೂ ನ್ಯಾಯಾಲಯದ ಆದೇಶದ ಮೇಲೆ. ಒಂಬತ್ತು ವರ್ಷ ವಾದ್ಯ ಒಳಗಿತ್ತು, ವಾದ್ಯವನ್ನು ಕಟ್ಟಿದ ಜನ ಹೊರಗಿದ್ದರು.

ಅಲ್ಲಿಯ ವಿಶ್ವವಿದ್ಯಾಲಯಗಳ ದೊಡ್ಡ ಬ್ಯಾಂಡುಗಳಲ್ಲಿ ಸಾಮಾನ್ಯವಾಗಿ ಹದಿನೇಳು ಜನ. ಐದು ಸ್ಯಾಕ್ಸೊಫೋನು, ನಾಲ್ಕು ಟ್ರಂಪೆಟ್ಟು, ನಾಲ್ಕು ಟ್ರೊಂಬೋನು. ಹಿಂದೆ ಪಿಯಾನೊ, ಗಿಟಾರು, ಬಾಸು, ಡ್ರಮ್ಸು. ವಿದ್ಯಾರ್ಥಿಗಳು ಬರೆದ ಸ್ವರಲಿಪಿ ನೋಡಿ ನುಡಿಸುತ್ತಾರೆ. ಡ್ರಮ್ಮಿನವನ ಹಾಳೆಯಲ್ಲಿ ಮಾತ್ರ ಬರಹ ಕಡಿಮೆ. ಎಲ್ಲಿ ಒತ್ತಬೇಕು, ಎಲ್ಲಿ ಬಿಡಬೇಕು ಅನ್ನುವ ಗುರುತುಗಳಿರುತ್ತವೆ, ಉಳಿದದ್ದನ್ನು ಅವನು ಕಿವಿಗೊಟ್ಟು ತುಂಬಬೇಕು. ಅದಕ್ಕೇ ಅನುಭವಸ್ಥ ಡ್ರಮ್ಮರ್ ಒಬ್ಬನನ್ನು ಅತಿಥಿಯಾಗಿ ಕರೆಸುವ ಪದ್ಧತಿ ಅಲ್ಲಿದೆ. ಅವನು ಬಂದು ಕೂತರೆ ಹಾಳೆ ಅದೇ ಇದ್ದರೂ ಬ್ಯಾಂಡಿನ ನಡಿಗೆಯೇ ಬದಲಾಗುತ್ತದೆ. ಬರಹದಲ್ಲಿ ಹಿಡಿಯಲಾಗದ ವಿದ್ಯೆಯನ್ನು ಹುಡುಗರು ಅವನ ಜೊತೆ ನುಡಿಸುತ್ತಲೇ ಕಲಿಯುತ್ತಾರೆ. ಪ್ರಕಟಣೆಯಲ್ಲಿ ಅವನ ಹೆಸರು ಮೇಲಿರುತ್ತದೆ. ಅಲ್ಲಿ ಅತಿಥಿ ಅಂದರೆ ಮೇಷ್ಟ್ರು.

ಅಷ್ಟಕ್ಕೂ ಅತಿಥಿಯಾಗಿಯೇ ಉಳಿಯಬೇಕಿಲ್ಲ. 1960ರಲ್ಲಿ ಬಿಡುಗಡೆಯ ಹೋರಾಟವನ್ನೇ ವಸ್ತುವಾಗಿಸಿ 'ವಿ ಇನ್‌ಸಿಸ್ಟ್' ತಂದ ಡ್ರಮ್ಮರ್ ಮ್ಯಾಕ್ಸ್ ರೋಚ್ 1972ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಮ್‌ಹರ್ಸ್ಟ್ ಕೇಂದ್ರಕ್ಕೆ ಅಧ್ಯಾಪಕರಾಗಿ ಹೋದರು. ನಿಷೇಧದ ಕಾನೂನಿನಿಂದ ಅಧ್ಯಾಪಕನ ಕುರ್ಚಿಯವರೆಗೆ 232 ವರ್ಷ.

ಈಗ ನಮ್ಮ ಕಲ್ಯಾಣಕ್ಕೆ ಬರೋಣ. ತಾಳವಾದ್ಯದ ಮೇಲೆ ಪಾಂಡಿತ್ಯ ನಡೆಸಿದ ರಾಜಧಾನಿ ಇದು. ಇಲ್ಲಿ ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ (1126–1138) 'ಮಾನಸೋಲ್ಲಾಸ'ದಲ್ಲಿ ಗೀತ, ವಾದ್ಯ, ನೃತ್ಯಗಳನ್ನು ಅರಸರ ವಿನೋದಗಳೆಂದು ಎಣಿಸಿ ವಿವರವಾಗಿ ಬರೆದ. ಅವನ ಮಗ ಎರಡನೇ ಜಗದೇಕಮಲ್ಲ (1138–1151) 'ಸಂಗೀತಚೂಡಾಮಣಿ' ಬರೆದ. ಎರಡೂ ಸಂಸ್ಕೃತದಲ್ಲಿವೆ. ಅಂದರೆ ಅರಮನೆಯ ಮದ್ದಳೆಗೆ ಶಾಸ್ತ್ರ ಸಿಕ್ಕಿತು, ಓಲೆಗರಿ ಸಿಕ್ಕಿತು, ದೊರೆಯೇ ಗ್ರಂಥಕರ್ತನಾಗಿ ಸಿಕ್ಕಿದ.

ಅದೇ ಶತಮಾನದಲ್ಲಿ, ಅದೇ ಕಲ್ಯಾಣದ ಚಳವಳಿಯೊಳಗೆ ಢಕ್ಕೆಯ ಬೊಮ್ಮಣ್ಣ ಕಾಣಿಸಿಕೊಳ್ಳುತ್ತಾನೆ. ಮಾರಿದೇವತೆಯನ್ನು ಮೊರದಲ್ಲಿ ಹೊತ್ತು, ಢಕ್ಕೆ ಬಾರಿಸುತ್ತ ಊರೂರು ತಿರುಗುವುದು ಅವನ ಕಾಯಕ. 'ಕಾಲಾಂತಕ ಭೀಮೇಶ್ವರಲಿಂಗ' ಅವನ ಅಂಕಿತ. ಅವನ ಢಕ್ಕೆ ಇವತ್ತಿನ ಹಲಗೆಯೇ ಅಂತ ನಾನು ಹೇಳುತ್ತಿಲ್ಲ, ವಾದ್ಯಗಳು ಬೇರೆ. ಆದರೆ ಚರ್ಮ ಬಾರಿಸಿ ಬದುಕುವವನೊಬ್ಬ ಜ್ಞಾನದ ಸಭೆಗೆ ಬಂದು ತಾನೇ ಮಾತಾಡಿದ. ಬೊಮ್ಮಣ್ಣ ಮೆರವಣಿಗೆಯ ಮುಂದೆ ಬಾರಿಸಿ ಬಾಗಿಲಲ್ಲಿ ನಿಂತವನಲ್ಲ. ಮಾರಿಯನ್ನು ಹೊತ್ತು ತಿರುಗುವ ತನ್ನ ಕಸುಬಿನ ಅನುಭವವನ್ನೇ ತತ್ವದ ಭಾಷೆಯಾಗಿ ದುಡಿಸಿಕೊಂಡ. ಚರ್ಮ ಹದ ಮಾಡುವ ಡೋಹರ ಕಕ್ಕಯ್ಯ, ಕೆರ ಹೊಲಿಯುವ ಹರಳಯ್ಯ, ಮಾದಾರ ಧೂಳಯ್ಯ ಇವರೆಲ್ಲರ ನಡುವೆ ಅವನನ್ನು ಇಟ್ಟು ನೋಡಿದರೆ, ವಾದ್ಯದ ಚರ್ಮ ಮತ್ತು ಅದನ್ನು ಬಾರಿಸುವ ಕೈ ಎರಡಕ್ಕೂ ಕಲ್ಯಾಣದಲ್ಲಿ ಒಂದಿಷ್ಟು ಕಾಲ ಬಾಯಿ ಬಂದಿತ್ತು ಅನ್ನಿಸುತ್ತದೆ. ಹರಳಯ್ಯನ ಮಗನಿಗೆ ಮಧುವರಸನ ಮಗಳನ್ನು ಕೊಟ್ಟದ್ದಕ್ಕೆ ಇಬ್ಬರೂ ಬೀಗರನ್ನು ಎಳೆಹೂಟೆ ಶಿಕ್ಷೆಗೆ ಕೊಟ್ಟರು ಅನ್ನುವ ಕಥನ, ಆ ಕಾಲ ಹೇಗೆ ಮುಗಿಯಿತು ಅನ್ನುವುದನ್ನೂ ಹೇಳುತ್ತದೆ.

ಇಲ್ಲಿ ಚರಿತ್ರೆಕಾರರು ಗಮನಿಸಬೇಕಾದ ನಷ್ಟವೊಂದಿದೆ. ಬೊಮ್ಮಣ್ಣನ ಮಾತು ಉಳಿಯಿತು, ಅವನ ಪೆಟ್ಟು ಉಳಿಯಲಿಲ್ಲ. ವಚನಗಳನ್ನು ಓಲೆಗರಿಗೆ ಇಳಿಸಿದರು. 1993ರಲ್ಲಿ ಸರ್ಕಾರವೇ ಸಮಗ್ರ ವಚನ ಸಂಪುಟಗಳನ್ನು ಅಚ್ಚುಹಾಕಿಸಿತು. ಆದರೆ ಢಕ್ಕೆಯ ಗತ್ತನ್ನು ಯಾರೂ ಬರೆದಿಡಲಿಲ್ಲ. ದೊರೆಯ ಗ್ರಂಥದಲ್ಲಿ ತಾಳದ ಲಕ್ಷಣ ಇದೆ, ಮಾರಿಯ ಮುಂದೆ ಬಾರಿಸಿದವನ ಕೈ ಇಲ್ಲ. ಬರಹ ಸಿಗದ ಇಂಥ ವಿದ್ಯೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಮಾತ್ರ ದಾಟಬಲ್ಲದು. ನಮ್ಮ ಕೇರಿಯ ಹಲಗೆಯವರು ಇಂಥ ದಾಟುವಿಕೆಯ ವಾರಸುದಾರರು.

ಹುಮನಾಬಾದಿನಲ್ಲಿ ನಿಂತರೆ ಈ ಅಂತರ ಕಿವಿಗೇ ಕೇಳುತ್ತದೆ. ಊರ ಪಕ್ಕದ ಮಾಣಿಕನಗರದಲ್ಲಿ ಮಾಣಿಕಪ್ರಭುಗಳ (1817–1865) ಸಂಸ್ಥಾನವಿದೆ. ದತ್ತಜಯಂತಿಗೆ ಅಲ್ಲಿ ನಡೆಯುವ ಸಂಗೀತ ದರ್ಬಾರು ಹಿಂದೂಸ್ತಾನಿ ಸಂಗೀತಗಾರರ ನಡುವೆ ಹೆಸರಾದದ್ದು. ತಬಲಾದವರಿಗೆ ಘರಾಣೆ ಇದೆ, ಉಸ್ತಾದನ ಹೆಸರಿದೆ, ಬೋಲುಗಳಿಗೆ ಲೆಕ್ಕವಿದೆ. ಜನವರಿಯಲ್ಲಿ ನಡೆಯುವ ವೀರಭದ್ರೇಶ್ವರನ ಜಾತ್ರೆಯಂಥ ಜನಜಂಗುಳಿಗೆ ಕಾವು ಕೊಡುವುದು ಬೀದಿಯ ಚರ್ಮವಾದ್ಯ. ತಬಲಾದ ಮೇಲೂ ಚರ್ಮವೇ ಇದೆ, ಹಲಗೆಯ ಮೇಲೂ ಚರ್ಮವೇ ಇದೆ. ಒಂದಕ್ಕೆ ಗುರುಪರಂಪರೆ ಅಂದರು, ಇನ್ನೊಂದಕ್ಕೆ ಜಾತಿಕಸುಬು ಅಂದರು.

ಜಾತಿಕಸುಬು ಅನ್ನುವ ಮಾತನ್ನು ಬಿಡಿಸಿ ನೋಡಬೇಕು. ಹೈದರಾಬಾದ್ ಸಂಸ್ಥಾನದ ಈ ಮೂಲೆಯಲ್ಲಿ, ಕನ್ನಡ–ಮರಾಠಿ–ತೆಲುಗು ಕೂಡುವ ಸೀಮೆಯಲ್ಲಿ, ಹಲಗೆ ಊರಿನ ಆಯ–ಬಲುತಿಗೆ ಸೇರಿದ ಚಾಕರಿ. ಹೆಣದ ಮುಂದೆ, ದೇವರ ಮುಂದೆ, ಡಂಗುರಕ್ಕೆ ಬಾರಿಸುವುದು ಕೇರಿಯ ಪಾಲು. ಕೊಡುವುದು ಕಾಳು, ಕೊಡದಿದ್ದರೆ ಕೇಳುವ ಹಾಗಿಲ್ಲ. ಬಡಿ ಅಂದ್ರ ಬಡೀಬೇಕು, ನಿಲ್ಸು ಅಂದ್ರ ನಿಲ್ಲಿಸಬೇಕು. ಅಮೆರಿಕದ ಒಡೆಯ ಗುಲಾಮನ ಕೈಯಿಂದ ಡೋಲು ಕಸಿದುಕೊಂಡ. ನಮ್ಮ ಒಡೆಯ ಅದನ್ನು ಕೊರಳಿಗೆ ಕಟ್ಟಿದ. ಬೇಡ ಅನ್ನುವ ಹಕ್ಕು, ಬೇಕು ಅನ್ನುವ ಹಕ್ಕು ಎರಡೂ ಬಾರಿಸುವವನದಾಗಿರಲಿಲ್ಲ.

ಆದ್ದರಿಂದ ಅಂಬೇಡ್ಕರ್ ಚಳವಳಿ ಮುಟ್ಟಿದ ಕೇರಿಗಳಲ್ಲಿ ಹಲಗೆ ಬಿಡುವುದೇ ಮೊದಲ ಬಂಡಾಯವಾಯಿತು. ಸತ್ತ ದನ ಹೊರುವುದಿಲ್ಲ, ಹೆಣದ ಮುಂದೆ ಬಾರಿಸುವುದಿಲ್ಲ ಅಂದವರು ಬಹಿಷ್ಕಾರ ಉಂಡರು. ಬಿ. ಶ್ಯಾಮಸುಂದರ್ 1968ರಲ್ಲಿ ಗುಲ್ಬರ್ಗದಲ್ಲಿ ಭೀಮಸೇನೆ ಕಟ್ಟಿದಾಗ ಈ ಸೀಮೆಯ ತರುಣರಿಗೆ ಸಿಕ್ಕ ಧೈರ್ಯವೂ ಅಂಥದ್ದೇ. ಇದನ್ನು ಕಲಾದ್ರೋಹ ಅನ್ನುವ ಜಾನಪದ ಪಂಡಿತರಿದ್ದಾರೆ. ಕೊರಳ ಹಗ್ಗ ಬಿಚ್ಚಿದವನಿಗೆ ಹಗ್ಗದ ನೇಯ್ಗೆ ಚೆನ್ನಾಗಿತ್ತು ಅಂತ ಪಾಠ ಹೇಳುವ ಅಧಿಕಾರ ಇವರಿಗೆ ಎಲ್ಲಿಂದ ಬಂತು?

ಇನ್ನೊಂದು ದಾರಿಯೂ ಇತ್ತು. ಎಪ್ಪತ್ತರ ದಶಕದಲ್ಲಿ ದಲಿತ ಸಂಘರ್ಷ ಸಮಿತಿಯ ಜಾಥಾಗಳಲ್ಲಿ ಅದೇ ತಮಟೆ ಹೋರಾಟದ ಹಾಡುಗಳ ಜೊತೆ ಬೀದಿಗೆ ಬಂತು. 1994ರಲ್ಲಿ ಆಂಧ್ರದಲ್ಲಿ ಒಳಮೀಸಲಾತಿಗಾಗಿ ಎದ್ದ ಮಾದಿಗರ ಚಳವಳಿ 'ದಂಡೋರ' ಅಂತಲೇ ಹೆಸರಾಯಿತು. ಊರಿನ ಡಂಗುರ ಸಾರಿದವರು ತಮ್ಮದೇ ಡಂಗುರ ಸಾರಿದರು. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟು ಒಳವರ್ಗೀಕರಣವನ್ನು ಎತ್ತಿಹಿಡಿಯಿತು. ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು.

ಬಿಟ್ಟವರು ಸರಿಯೋ, ಹಿಡಿದವರು ಸರಿಯೋ ಅಂತ ನಮ್ಮೊಳಗೇ ಜಗಳ ನಡೆದಿದೆ. ನನಗೆ ಕಾಣುವ ಮಟ್ಟಿಗೆ ಎರಡರ ಬೇರೂ ಒಂದೇ: ಯಾವಾಗ ಬಾರಿಸಬೇಕು ಅನ್ನುವುದನ್ನು ಬಾರಿಸುವವನೇ ತೀರ್ಮಾನಿಸುವುದು. ಬೇಡ ಅನ್ನಲು ಸಾಧ್ಯವಾದ ಮೇಲಷ್ಟೇ ಹಲಗೆ ಕಲೆಯಾಗುತ್ತದೆ. ಬಿಟ್ಟವರು ಆ ಹಕ್ಕನ್ನು ಗಳಿಸಿಕೊಟ್ಟಿದ್ದರಿಂದಲೇ ಹಿಡಿದವರು ಇವತ್ತು ತಲೆಯೆತ್ತಿ ಬಾರಿಸುತ್ತಿದ್ದಾರೆ.

ಈ ಅಳತೆಗೋಲು ಹಿಡಿದು ವಿಶ್ವವಿದ್ಯಾಲಯದ ಆಹ್ವಾನವನ್ನು ನೋಡಬೇಕು. 2011ರಲ್ಲಿ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯ ಆಯಿತು. 2023ರಲ್ಲಿ ಬೀದರಿಗೂ ತನ್ನದೇ ವಿಶ್ವವಿದ್ಯಾಲಯ ಬಂತು. ಬಸವಕಲ್ಯಾಣದಲ್ಲಿ ಹೊಸ ಅನುಭವ ಮಂಟಪಕ್ಕೆ 2021ರ ಜನವರಿಯಲ್ಲಿ ಅಡಿಗಲ್ಲು ಬಿತ್ತು. ಕಟ್ಟಡಗಳು ಬೇಕು, ಬೇಡ ಅನ್ನುವವರಿಲ್ಲ. ಆದರೆ ಅವುಗಳೊಳಗೆ ಬೊಮ್ಮಣ್ಣನ ಕಾಯಕದವರಿಗೆ ಜಾಗ ಎಲ್ಲಿ? ಚರ್ಮ ಹದ ಮಾಡುವುದು, ಬಳೆಗೆ ಬಿಗಿಯುವುದು, ಬೆಂಕಿಗೆ ಹಿಡಿದು ನಾದಕ್ಕೆ ತರುವುದು, ಒಂದು ದಪ್ಪ ಒಂದು ತೆಳು ಕೋಲಿನಿಂದ ಎರಡು ದನಿ ಎಬ್ಬಿಸುವುದು, ಸಾವಿನ ಗತ್ತನ್ನೂ ಜಾತ್ರೆಯ ಗತ್ತನ್ನೂ ಬೇರೆ ಮಾಡುವುದು: ಇದು ಪಠ್ಯಕ್ರಮಕ್ಕೆ ಸಾಲದ ವಿದ್ಯೆಯೇ? ಹಾಗಿದ್ದರೆ ಕಲಿಸುವವರಿಗೆ ಪದವಿ ಕೇಳದೆ ಸಂಬಳ ಕೊಡಿ, ಹೆಸರು ಅಚ್ಚುಹಾಕಿ, ಮೇಲ್ಜಾತಿಯ ಹುಡುಗರೂ ಅವರ ಮುಂದೆ ಕೂತು ಕಲಿತು ಪರೀಕ್ಷೆ ಬರೆಯಲಿ. ಹಲಗೆ ಕೇರಿಯ ಮಕ್ಕಳ ಹಣೆಬರಹವಾಗಿ ಉಳಿಯದೆ ಎಲ್ಲರೂ ಬೆವರು ಸುರಿಸಿ ಕಲಿಯಬೇಕಾದ ವಿದ್ಯೆಯಾಗಲಿ.

ನಮ್ಮ ಸರ್ಕಾರಿ ಕಾಲೇಜುಗಳಲ್ಲಿ 'ಅತಿಥಿ ಉಪನ್ಯಾಸಕ' ಅಂದರೆ ಕೆಲಸ ಪೂರ್ತಿ, ನೌಕರಿ ಭದ್ರತೆ ಇಲ್ಲ ಅಂತ ಎಲ್ಲರಿಗೂ ಗೊತ್ತು. ಹಲಗೆಯವರ ಅತಿಥಿತನ ಅದಕ್ಕಿಂತ ಕೆಳಗಿನದು. ಅವರಿಗೆ ತರಗತಿಯೂ ಇಲ್ಲ. ಮುಂದಿನ ಸಂಕಿರಣಕ್ಕೆ ಕರೆ ಬಂದಾಗ ನಮ್ಮ ಹಲಗೆಯ ಗೆಳೆಯರು ಒಂದು ಮಾತು ಕೇಳಲಿ: ಒಳಗಿನ ಗೋಷ್ಠಿಯಲ್ಲಿ ನಮ್ಮ ಪಾಳಿ ಎಷ್ಟು ಗಂಟೆಗೆ? ಉತ್ತರ ಬರುವ ತನಕ ಕೋಲು ಕೈಗೆತ್ತಿಕೊಳ್ಳಬೇಕಾಗಿಲ್ಲ.