ಸರಕಾರಿ ಬೇಮಾರಿ

ಕಳೆದ ವರ್ಷ ನಮ್ಮ ಕಾಲೇಜಿನ ತರಗತಿಯಲ್ಲಿ ಅನ್ಯದೇಶ್ಯ ಶಬ್ದಗಳ ಪಾಠ ನಡೆದಿತ್ತು. ಪಾರಸಿಯಿಂದ ಹೊರಟು, ಮರಾಠಿಯ ಹಾದಿಯಾಗಿ ನಮ್ಮ ಉತ್ತರದ ಜಿಲ್ಲೆಗಳಿಗೆ ಬಂದು ನೆಲೆಸಿದ ಮಾತುಗಳಲ್ಲಿ 'ಆಜಾರಿ' ಒಂದು. ಮನೆಯಲ್ಲಿ ಯಾರಾದರೂ ಜ್ವರ ಬಂದು ಮಲಗಿದರೆ ನನ್ನ ಅಜ್ಜಿ "ಹುಡುಗ ಆಜಾರಿ ಬಿದ್ದಾನ" ಎನ್ನುತ್ತಿದ್ದಳು. ಆಕೆಗೆ ಅದು ಪಾರಸಿಯಲ್ಲ, ಮನೆಯ ಮಾತು. ಇದನ್ನು ಹೇಳುತ್ತಿದ್ದಂತೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಸರ್, ಬಿಹಾರದಲ್ಲಿ ಕಾಲಾ ಆಜಾರ್ ಅಂತ ಒಂದು ರೋಗ ಇದೆಯಲ್ಲ, ಅದೂ ಇದೇ ಮಾತೇ?" ಎಂದು ಕೇಳಿದ. ಹೌದೆಂದೆ. ಕಾಲಾ ಎಂದರೆ ಕಪ್ಪು, ಆಜಾರ್ ಎಂದರೆ ಬೇನೆ, ಎಂದು ಹೇಳಿ ಮುಂದಿನ ಶಬ್ದಕ್ಕೆ ಹೋಗಬೇಕೆನ್ನುವಷ್ಟರಲ್ಲಿ ಅವನ ಎರಡನೆಯ ಪ್ರಶ್ನೆ ಬಂದಿತು: "ಆ ಹೆಸರು ಇಟ್ಟವರು ಯಾರು, ಸರ್?"

ನನಗೆ ಉತ್ತರ ತಿಳಿದಿರಲಿಲ್ಲ. ನಾಳೆ ಹೇಳುತ್ತೇನೆಂದು ತಪ್ಪಿಸಿಕೊಂಡೆ. ಆ ನಾಳೆ ಬರಲು ಕೆಲವು ತಿಂಗಳೇ ಹಿಡಿದವು. ವೈದ್ಯಶಾಸ್ತ್ರ ನನ್ನ ವಿಷಯವಲ್ಲ. ಆದರೆ ಒಂದು ರೋಗಕ್ಕೆ ಜನ ಇಟ್ಟ ಹೆಸರುಗಳನ್ನೂ ಪಂಡಿತರು ಇಟ್ಟ ಹೆಸರುಗಳನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡುವುದು ಭಾಷೆಯ ಮೇಷ್ಟರ ಕೆಲಸವೇ ಅಲ್ಲವೆ?

ಈ ರೋಗ ಬಹಳ ಮೆಲ್ಲಗೆ ಕೊಲ್ಲುತ್ತದೆ. ಜ್ವರ ವಾರಗಟ್ಟಲೆ, ತಿಂಗಳುಗಟ್ಟಲೆ ಬಿಡದು. ಮೈ ಕೃಶವಾಗುತ್ತ ಹೋದಂತೆ ಹೊಟ್ಟೆ ಮಾತ್ರ ಉಬ್ಬುತ್ತದೆ. ಗುಲ್ಮ ಬೆಳೆದು ಎಡಪಕ್ಕೆಯಲ್ಲಿ ಕೈಗೆ ಗಟ್ಟಿಯಾಗಿ ಸಿಗುತ್ತದೆ. ಕೈಕಾಲು, ಮುಖ, ಹೊಟ್ಟೆಯ ಚರ್ಮ ಕಪ್ಪಿಡುತ್ತದೆ. ಔಷಧವಿಲ್ಲದಿದ್ದ ಕಾಲದಲ್ಲಿ ಹಿಡಿದ ಹತ್ತು ಜನರಲ್ಲಿ ಒಂಬತ್ತು ಜನ ಉಳಿಯುತ್ತಿರಲಿಲ್ಲ. ಬಂಗಾಳದ ಜೆಸ್ಸೂರಿನಲ್ಲಿ 1824ರ ಸುಮಾರಿಗೆ ಕಾಣಿಸಿಕೊಂಡ ಜ್ವರ ಇದೇ ಎಂದು ಮುಂದೆ ಗುರುತಿಸಿದರು. 1870ರ ಸುಮಾರಿಗೆ ಅದು ಗಾರೋ ಬೆಟ್ಟಗಳ ತಪ್ಪಲಿಗೆ ಬಂದಿತು. ಅಲ್ಲಿಂದ ಬ್ರಹ್ಮಪುತ್ರೆಯ ದಡ ಹಿಡಿದು, ವರ್ಷಕ್ಕೆ ಕೆಲವೇ ಮೈಲಿಗಳಂತೆ, ಅಸ್ಸಾಮಿನ ಮೇಲುನಾಡಿಗೆ ಏರುತ್ತ ಹೋಯಿತು. 1891ರಿಂದ 1901ರವರೆಗಿನ ಹತ್ತು ವರ್ಷಗಳಲ್ಲಿ ನೌಗಾಂಗ್ ಜಿಲ್ಲೆಯ ಜನಸಂಖ್ಯೆ ಸುಮಾರು ಕಾಲು ಪಾಲು ಇಳಿಯಿತೆಂದು ಜನಗಣತಿ ತೋರಿಸಿತು. ಆ ಸಂಖ್ಯೆಯ ಹಿಂದೆ ಉಳುವವರಿಲ್ಲದೆ ಬೀಳಾದ ಗದ್ದೆಗಳಿವೆ, ದೀಪವಿಲ್ಲದ ಮನೆಗಳಿವೆ.

ಈ ರೋಗಕ್ಕೆ ಜನ ಒಂದೇ ಹೆಸರು ಇಡಲಿಲ್ಲ. ಕಾಲಾ ಆಜಾರ್, ಕಾಲಾ ಜ್ವರ, ಕಾಲಾ ದುಃಖ ಎಂದರು. ನಮ್ಮ ಕಿವಿಗೆ 'ಕಾಲ'ನೆಂದರೆ ಯಮನೂ ಹೌದು. ಹಾಗೆ ಕೇಳಿಸಿಕೊಂಡರೂ ಅರ್ಥ ಕೆಡುವುದಿಲ್ಲ. ಆದರೆ ನನ್ನನ್ನು ತಡೆದು ನಿಲ್ಲಿಸಿದ ಹೆಸರು ಬೇರೆ. 'ಸಾಹೇಬರ ರೋಗ' ಎಂದರು. 'ಸರಕಾರಿ ಬೇಮಾರಿ' ಎಂದರು. ಸರಕಾರ ಬೆಟ್ಟದೊಳಕ್ಕೆ ಕಾಲಿಟ್ಟಿತು, ದಾರಿ ತೆರೆಯಿತು, ಆ ದಾರಿಯಲ್ಲಿ ರೋಗವೂ ಬಂದಿತು. ಇದು ಆ ಜನರ ತರ್ಕ. ಇನ್ನೊಬ್ಬರು ತಂದರೆ ಬರುತ್ತದೆ, ಒಬ್ಬರಿಂದ ಒಬ್ಬರಿಗೆ ಹರಿಯುತ್ತದೆ ಎಂಬ ತಿಳಿವಳಿಕೆ ಆ ಎರಡು ಮಾತುಗಳಲ್ಲಿ ಅಡಗಿದೆ.

ಪಂಡಿತರು ಅದನ್ನು ಒಪ್ಪಲು ತಡವಾಯಿತು. 1889-90ರಲ್ಲಿ ವಿಚಾರಣೆಗೆ ಬಂದ ಗೈಲ್ಸ್ ಎಂಬ ವೈದ್ಯರು ಇದು ಕೊಕ್ಕೆಹುಳುವಿನ ಬೇನೆ ಎಂದರು. 1896ರಲ್ಲಿ ಬಂದ ಲಿಯೊನಾರ್ಡ್ ರಾಜರ್ಸ್ ಇದು ಉಗ್ರವಾದ ಮಲೇರಿಯ ಎಂದರು. 1895ರಲ್ಲಿ ನಮ್ಮ ಬೆಂಗಳೂರಿಗೆ ಕಾಲರಾ ತಡೆಯಲೆಂದು ಬಂದಿದ್ದ ರೊನಾಲ್ಡ್ ರಾಸ್, ಸೊಳ್ಳೆಯೊಳಗೆ ಮಲೇರಿಯದ ಗುಟ್ಟನ್ನು ಕಂಡ ಮಹನೀಯರು, ಅಸ್ಸಾಮಿಗೆ ಹೋಗಿ ನೋಡಿ 1899ರಲ್ಲಿ ತಾವೂ ಮಲೇರಿಯವೆಂದೇ ಬರೆದರು. ದೊಡ್ಡವರೂ ತಾವು ಗೆದ್ದ ಶತ್ರುವನ್ನೇ ಎಲ್ಲೆಡೆ ಕಾಣುವುದುಂಟು.

ಅತ್ತ ಗಾರೋ ಜನ ರೋಗಿಗಳನ್ನು ಊರಿನಿಂದ ಬೇರೆ ಇಡುತ್ತಿದ್ದರು. ಕೆಲವೆಡೆ ರೋಗಿಗೆ ಮತ್ತು ಬರುವಷ್ಟು ಕುಡಿಸಿ ಗುಡಿಸಲಿನ ಸಮೇತ ಸುಟ್ಟರೆಂದೂ ಆ ಕಾಲದ ವರದಿಗಳಲ್ಲಿದೆ. ಓದಿದರೆ ಮೈ ನಡುಗುತ್ತದೆ. ಜನರ ತಿಳಿವಳಿಕೆಯನ್ನು ಹೊಗಳುವಾಗ ಇದನ್ನು ಮರೆಮಾಡಬಾರದು. ಆದರೆ ಅದೇ ತಿಳಿವಳಿಕೆಯ ಸೌಮ್ಯವಾದ ರೂಪವೂ ಇತ್ತು. ಚಹದ ತೋಟಗಳಲ್ಲಿ ಡಾಡ್ಸ್ ಪ್ರೈಸ್ ಎಂಬ ವೈದ್ಯರು ಆರೋಗ್ಯವಾಗಿದ್ದ ಕೂಲಿಗಳನ್ನು ಹಳೆಯ ಸಾಲುಮನೆಗಳಿಂದ ಕೆಲವೇ ನೂರು ಗಜ ಆಚೆಯ ಹೊಸ ಮನೆಗಳಿಗೆ ಸಾಗಿಸಿದರು. ರೋಗ ಅಲ್ಲಿಗೆ ದಾಟಲಿಲ್ಲ. ಅಷ್ಟು ಸಣ್ಣ ದೂರ ಹೇಗೆ ಕಾಪಾಡಿತೆಂಬುದು ಆಗ ಯಾರಿಗೂ ತಿಳಿಯದು.

ರೋಗದ ಬೀಜ ಸಿಕ್ಕಿದ್ದು 1903ರಲ್ಲಿ. ಕಲ್ಕತ್ತೆಯ ಬಳಿಯ ಡಂಡಂನಲ್ಲಿ ಸೈನಿಕನಾಗಿದ್ದು, 1900ರಲ್ಲಿ ಇಂಗ್ಲೆಂಡಿನಲ್ಲಿ ಸತ್ತವನೊಬ್ಬನ ಗುಲ್ಮದಲ್ಲಿ ವಿಲಿಯಂ ಲೀಶ್ಮನ್ ಸಣ್ಣ ದುಂಡು ಕಣಗಳನ್ನು ಕಂಡು, ಮೂರು ವರ್ಷಗಳ ಮೇಲೆ ಪ್ರಕಟಿಸಿದರು. ಅದೇ ವರ್ಷ ಮದರಾಸಿನ ಸರಕಾರಿ ಆಸ್ಪತ್ರೆಯಲ್ಲಿ ಚಾರ್ಲ್ಸ್ ಡೊನೊವನ್ ಸತ್ತವರ ಗುಲ್ಮದಲ್ಲಿ ಅವನ್ನೇ ಕಂಡಿದ್ದರು. ಜೂನ್ 17ರಂದು ಬದುಕಿದ್ದ ಹುಡುಗನೊಬ್ಬನ ಗುಲ್ಮದಿಂದಲೂ ಅವನ್ನು ತೆಗೆದು ತೋರಿಸಿದರು. ಇಬ್ಬರ ಹೆಸರನ್ನೂ ಕೂಡಿಸಿ ಆ ಜೀವಿಗೆ 'ಲೀಶ್ಮೇನಿಯ ಡೊನೊವಾನಿ' ಎಂದು ನಾಮಕರಣ ಮಾಡಿದವರು, ಹಿಂದೆ ಅದನ್ನು ಮಲೇರಿಯವೆಂದಿದ್ದ ರಾಸ್ ಅವರೇ. ತಪ್ಪನ್ನು ತಿದ್ದಿಕೊಂಡ ದೊಡ್ಡತನವೂ ಅವರದೇ. ಆದರೆ ಆ ಸೈನಿಕನ ಹೆಸರನ್ನೂ ಹುಡುಗನ ಹೆಸರನ್ನೂ ಯಾವ ಜೀವಿಗೂ ಇಡಲಿಲ್ಲ.

ಇನ್ನು ಅದು ಹರಡುವ ಬಗೆ. 1908ರಲ್ಲಿ ಟ್ಯುನಿಸಿನಲ್ಲಿ ಶಾರ್ಲ್ ನಿಕೋಲ್ ಮತ್ತು ಕೋಂಟ್ ಎಂಬವರು ನಾಯಿಯ ಮೈಯಲ್ಲಿ ಇಂಥದೇ ಜೀವಿಯನ್ನು ಕಂಡರು. ಮೆಡಿಟರೇನಿಯನ್ ಸಮುದ್ರದ ಸುತ್ತಲ ನಾಡುಗಳಲ್ಲಿಯೂ ಬ್ರೆಜಿಲಿನಲ್ಲಿಯೂ ರೋಗ ನಾಯಿಯಲ್ಲಿ ನೆಲೆಸಿ ಮನುಷ್ಯನಿಗೆ ಬರುತ್ತದೆ. ನಮ್ಮ ದೇಶದಲ್ಲಿ ನಾಯಿ ನಿರಪರಾಧಿ. ಇಲ್ಲಿ ರೋಗದ ಭಂಡಾರ ಮನುಷ್ಯನೇ. ಒಬ್ಬರಿಂದ ಒಬ್ಬರಿಗೆ ಹೊತ್ತೊಯ್ಯುವುದು ಮರಳುನೊಣ, ಸೊಳ್ಳೆಗಿಂತಲೂ ಬಹಳ ಚಿಕ್ಕದು. ಒದ್ದೆಮಣ್ಣು, ಸಗಣಿ ಇರುವ ಕೊಟ್ಟಿಗೆಯ ಮೂಲೆಯಲ್ಲಿ ಹುಟ್ಟಿ, ದನದ ರಕ್ತವನ್ನೂ ಮನೆಯವರ ರಕ್ತವನ್ನೂ ಕುಡಿದು ಬದುಕುತ್ತದೆ. ದನಕ್ಕೆ ರೋಗವಿಲ್ಲ, ಅದು ನೊಣಕ್ಕೆ ಊಟವಿಕ್ಕುತ್ತದೆ, ಅಷ್ಟೆ. ಈ ನೊಣಕ್ಕೆ ದೂರ ಹಾರುವ ಶಕ್ತಿಯಿಲ್ಲ. ಚಹದ ತೋಟದ ಆ ಕೆಲವು ನೂರು ಗಜಗಳ ರಹಸ್ಯ ಇದೇ.

ನೊಣದ ಮೇಲೆ ಅನುಮಾನ ಬಿದ್ದುದು 1920ರ ದಶಕದಲ್ಲಿ. ಅಪರಾಧ ಸಿದ್ಧವಾಗಲು 1942 ಆಗಬೇಕಾಯಿತು. ರೋಗಿಯನ್ನು ಕಚ್ಚಿದ ನೊಣಗಳು ಪ್ರಯೋಗಶಾಲೆಯಲ್ಲಿ ರೋಗ ಹರಡುತ್ತಲೇ ಇರಲಿಲ್ಲ. ಕೊನೆಗೆ ಸ್ಮಿತ್ ಮತ್ತು ಅವರ ಜೊತೆಗಾರರು, ಒಮ್ಮೆ ರಕ್ತ ಕುಡಿದ ನೊಣಗಳಿಗೆ ಆಮೇಲೆ ಒಣದ್ರಾಕ್ಷಿ ತಿನ್ನಿಸಿದರೆ ಅವುಗಳ ಹೊಟ್ಟೆಯಲ್ಲಿ ಜೀವಿಗಳು ಯಥೇಚ್ಛವಾಗಿ ಬೆಳೆಯುವುದನ್ನು ಕಂಡರು. ಆ ಉಪಾಯದಿಂದ ಸ್ವಾಮಿನಾಥ್, ಶಾರ್ಟ್, ಆಂಡರ್ಸನ್ ಎಂಬ ಮೂವರು ಅಸ್ಸಾಮಿನಲ್ಲಿ ತಾವಾಗಿ ಮುಂದೆ ಬಂದ ಐವರಿಗೆ ನೊಣಗಳಿಂದ ಕಚ್ಚಿಸಿದರು, ರೋಗ ತಗಲಿತು. ಕೈಯೊಡ್ಡಿದ ಆ ಐವರಿಗೂ ನಮ್ಮ ನೆನಪಿನಲ್ಲಿ ಹೆಸರಿಲ್ಲ.

ಅಷ್ಟರಲ್ಲಿ ಔಷಧ ಸಿದ್ಧವಾಗಿತ್ತು. ಸುರ್ಮದ ಕಲ್ಲಿನಲ್ಲಿರುವ ಆಂಟಿಮನಿಯ ಲವಣ ಈ ರೋಗವನ್ನು ತಡೆಯುವುದೆಂದು 1915ರ ವೇಳೆಗೆ ತಿಳಿದಿತ್ತು. ಆದರೆ ಅದು ರೋಗಿಯನ್ನು ಬಹಳ ಬಾಧಿಸುತ್ತಿತ್ತು. ಕಲ್ಕತ್ತೆಯ ಕ್ಯಾಂಪ್‌ಬೆಲ್ ಆಸ್ಪತ್ರೆಯಲ್ಲಿ ಅಧ್ಯಾಪಕರಾಗಿದ್ದ ಉಪೇಂದ್ರನಾಥ ಬ್ರಹ್ಮಚಾರಿಗಳು ವೈದ್ಯರೂ ಹೌದು, ರಸಾಯನಶಾಸ್ತ್ರದ ಎಂ. ಎ. ಪದವೀಧರರೂ ಹೌದು. ಅವರಿಗೆ ಸಿಕ್ಕಿದ ಪ್ರಯೋಗಶಾಲೆ ಒಂದು ಸಣ್ಣ ಕೋಣೆ. ಗ್ಯಾಸಿಲ್ಲ, ನಲ್ಲಿಯಿಲ್ಲ, ರಾತ್ರಿ ಹೊಗೆಯಾಡುವ ಲಾಂದ್ರದ ಬೆಳಕು. ಅಲ್ಲಿ ಅವರು ಸಿದ್ಧಪಡಿಸಿ 1922ರಲ್ಲಿ ಲೋಕಕ್ಕೆ ತಿಳಿಸಿದ 'ಯೂರಿಯ ಸ್ಟಿಬಮೈನ್' ಅಸ್ಸಾಮಿನ ಹಳ್ಳಿಹಳ್ಳಿಗೂ ಹೋಯಿತು. ಹತ್ತು ವರ್ಷಗಳಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಜೀವಗಳು ಉಳಿದುವೆಂದು ಆ ಪ್ರಾಂತದ ಆರೋಗ್ಯಾಧಿಕಾರಿಗಳೇ ಅಂದಾಜು ಮಾಡಿದರು. 1929ರಲ್ಲಿ ಅವರ ಹೆಸರು ನೊಬೆಲ್ ಬಹುಮಾನಕ್ಕೆ ಸೂಚಿತವಾಯಿತು, ಬಹುಮಾನ ಬರಲಿಲ್ಲ. 1946ರಲ್ಲಿ ಅವರು ತೀರಿಕೊಂಡರು. ರೋಗದ ಜೀವಿಯ ಹೆಸರಿನಲ್ಲಿ ಅದನ್ನು ಕಂಡವರಿಬ್ಬರೂ ಇದ್ದಾರೆ. ಔಷಧದ ಹೆಸರಿನಲ್ಲಿ ಅದನ್ನು ಮಾಡಿದವರಿಲ್ಲ.

ಕಥೆ ಅಲ್ಲಿಗೆ ಮುಗಿಯಲಿಲ್ಲ. 1950ರ ದಶಕದಲ್ಲಿ ಮಲೇರಿಯಕ್ಕೆಂದು ಹೊಡೆದ ಡಿ.ಡಿ.ಟಿ. ಮರಳುನೊಣವನ್ನೂ ಅಡಗಿಸಿತು, ರೋಗ ಹೋಯಿತೆಂದು ತಿಳಿದು ಎಲ್ಲರೂ ಮೈಮರೆತರು. 1970ರ ದಶಕದಲ್ಲಿ ಅದು ಬಿಹಾರದಲ್ಲಿ ಮತ್ತೆ ಭುಗಿಲೆದ್ದಿತು. ಗುಣವಾದವರಲ್ಲಿ ಕೆಲವರ ಚರ್ಮದಲ್ಲಿ ಅದು ಮಚ್ಚೆಯಾಗಿ ಉಳಿದಿರುತ್ತದೆಂಬುದನ್ನು ಬ್ರಹ್ಮಚಾರಿಗಳು 1922ರಲ್ಲಿಯೇ ತಿಳಿಸಿದ್ದರು. ಕಾಲಾಂತರದಲ್ಲಿ ಬಿಹಾರದ ರೋಗಿಗಳಿಗೆ ಆಂಟಿಮನಿಯೂ ನಾಟದಾಯಿತು. ಹೊಸ ಔಷಧಗಳು ಬರಬೇಕಾಯಿತು. 2005ರಲ್ಲಿ ಭಾರತ, ನೇಪಾಳ, ಬಾಂಗ್ಲಾದೇಶಗಳು ಕೂಡಿ ಇದನ್ನು ತೊಲಗಿಸುವ ಪಣ ತೊಟ್ಟವು. 2023ರಲ್ಲಿ ಬಾಂಗ್ಲಾದೇಶ ಗೆದ್ದಿತೆಂದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿತು. ನೂರಾ ತೊಂಬತ್ತೊಂಬತ್ತು ವರ್ಷಗಳ ಹಿಂದೆ ಮೊದಲು ಕಾಣಿಸಿಕೊಂಡ ಜೆಸ್ಸೂರು ಈಗಿರುವುದು ಆ ದೇಶದಲ್ಲಿಯೇ.

ತಿಂಗಳುಗಳ ಮೇಲೆ ಆ ಹುಡುಗನನ್ನು ಕಾಲೇಜಿನ ಪಡಸಾಲೆಯಲ್ಲಿ ನಿಲ್ಲಿಸಿ ಉತ್ತರ ಹೇಳಿದೆ: "ಹೆಸರಿಟ್ಟವರು ಅದರಿಂದ ಸತ್ತವರಪ್ಪ." ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಬಳಿಕ, "ಹಾಗಾದರೆ ಅವರ ಮಾತನ್ನು ಮೊದಲೇ ಕೇಳಬಹುದಿತ್ತಲ್ಲ, ಸರ್" ಎಂದ.

ಆ ಮಾತಿಗೆ ನಾನು ನಾಳೆಯ ವಾಯಿದೆ ಹೇಳಲಿಲ್ಲ. ಅದಕ್ಕೆ ನನ್ನಲ್ಲಿ ಉತ್ತರವಿಲ್ಲ.