ಮನೆಗೆ ಕರೆದೊಯ್ಯುವವರಿಲ್ಲದೆ

1847ರಲ್ಲಿ ಬೆಂಗಳೂರಿನಲ್ಲಿ ಒಂದು ಹುಚ್ಚಾಸ್ಪತ್ರೆ ಆರಂಭವಾಯಿತು. ಮೈಸೂರು ಸಂಸ್ಥಾನ ಆಗ ಬ್ರಿಟಿಷರ ನೇರ ಆಡಳಿತದಲ್ಲಿತ್ತು; ಮಾರ್ಕ್ ಕಬ್ಬನ್ ಕಮಿಷನರ್ ಆಗಿದ್ದ ಕಾಲ. ಚಾರ್ಲ್ಸ್ ಇರ್ವಿಂಗ್ ಸ್ಮಿತ್ ಎಂಬ ಸರ್ಕಾರಿ ಶಸ್ತ್ರವೈದ್ಯರು ಈ ಕಾರ್ಯದಲ್ಲಿ ಮುಂದಾದವರು. ಧಾರವಾಡದಲ್ಲಿ ಇಂಥದೇ ಸಂಸ್ಥೆ 1845ರಲ್ಲಿಯೇ ತಲೆಯೆತ್ತಿತ್ತು. ಇಂದು ನಾವು ನಿಮ್ಹಾನ್ಸ್ ಎಂದು, ಡಿಮ್ಹಾನ್ಸ್ ಎಂದು ಗೌರವದಿಂದ ಕರೆಯುವ ಎರಡು ದೊಡ್ಡ ಸಂಸ್ಥೆಗಳ ಬೇರುಗಳು ಇರುವುದು ವಿಕ್ಟೋರಿಯಾ ರಾಣಿಯ ಕಾಲದ ಈ ಎರಡು ಆಸ್ಪತ್ರೆಗಳಲ್ಲಿ.

ಆ ಕಾಲದ ಇಂಥ ಮನೆಗಳಿಗೆ ಎರಡು ಬಾಗಿಲುಗಳಿದ್ದವು ಎನ್ನಬಹುದು. ಒಳಗೆ ಹೋಗುವ ಬಾಗಿಲು ಸುಲಭವಾಗಿ ತೆರೆಯುತ್ತಿತ್ತು. ಬ್ರಿಟಿಷ್ ಆಡಳಿತದ ಪ್ರದೇಶಗಳಿಗಾಗಿ 1858ರಲ್ಲಿ ರಚಿತವಾದ ಹುಚ್ಚಾಸ್ಪತ್ರೆಗಳ ಕಾಯಿದೆಯು, ಬುದ್ಧಿಭ್ರಮಣೆಯಾಗಿ ಬೀದಿಯಲ್ಲಿ ಅಲೆಯುವವರನ್ನು ಹಿಡಿದು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುವುದನ್ನು ಪೊಲೀಸರ ಕರ್ತವ್ಯವನ್ನಾಗಿಸಿತು. ಮ್ಯಾಜಿಸ್ಟ್ರೇಟರು ವೈದ್ಯರ ಅಭಿಪ್ರಾಯ ಪಡೆದು ಒಳಗೆ ಕಳುಹಿಸುತ್ತಿದ್ದರು. ಹೊರಗೆ ಬರುವ ಬಾಗಿಲಿನ ಕಥೆ ಬೇರೆ. ಆಸ್ಪತ್ರೆಯನ್ನು ಸಂದರ್ಶಿಸುವ ಅಧಿಕಾರಿಗಳು ಒಪ್ಪಬೇಕು. ಇಲ್ಲವೇ ಬಂಧುವೋ ಮಿತ್ರನೋ ಬಂದು, ‘ಇವನನ್ನು ನಾನು ನೋಡಿಕೊಳ್ಳುತ್ತೇನೆ’ ಎಂದು ಬರೆದುಕೊಟ್ಟು ಕರೆದೊಯ್ಯಬೇಕು.

ಬರುವ ಬಂಧು ಯಾರು? ಕ್ಯಾತನಹಳ್ಳಿಯಂಥ ಊರಿನ ಒಬ್ಬ ಕೂಲಿಯಾಳನ್ನು ಹೀಗೆ ಬೆಂಗಳೂರಿಗೆ ಸಾಗಿಸಿದರೆಂದು ಭಾವಿಸೋಣ. ಇಂದಿನ ರಸ್ತೆಯಲ್ಲಿಯೇ ಅದು ನೂರಿಪ್ಪತ್ತು ಕಿಲೋಮೀಟರಿಗೂ ಮಿಕ್ಕ ದಾರಿ. ಬೆಂಗಳೂರಿನಿಂದ ಮೈಸೂರಿನತ್ತ ರೈಲು ಓಡಾಡತೊಡಗಿದ್ದು 1880ರ ದಶಕದ ಆರಂಭದಲ್ಲಿ. ಅದಕ್ಕೆ ಮೊದಲು ಎತ್ತಿನ ಗಾಡಿ, ಇಲ್ಲವೇ ಕಾಲ್ನಡಿಗೆ. ಅಂದಂದಿನ ಕೂಲಿ ಅಂದಂದಿನ ಅಂಬಲಿಗೆ ಸರಿಹೋಗುವ ಮನೆಯಿಂದ ವಾರವೊಂದನ್ನು ಬಿಡುವು ಮಾಡಿಕೊಂಡು, ದೊರೆಗಳ ಕಚೇರಿಯ ಮುಂದೆ ನಿಂತು, ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಅಣ್ಣನನ್ನೋ ಮಗನನ್ನೋ ಬಿಡಿಸಿಕೊಂಡು ಬರುವ ಧೈರ್ಯ ಎಷ್ಟು ಜನಕ್ಕಿದ್ದೀತು? ಬಡವನ ಕಾಯಿಲೆ ವಾಸಿಯಾದರೂ ಬಡತನ ವಾಸಿಯಾಗುತ್ತಿರಲಿಲ್ಲ.

ಹುಚ್ಚಾಸ್ಪತ್ರೆಗಳ ಇತಿಹಾಸದಲ್ಲಿ ವೈದ್ಯರ ಹೆಸರುಗಳು ಉಳಿಯುತ್ತವೆ. ಬಡ ರೋಗಿಗಳ ಹೆಸರುಗಳು ಉಳಿಯುವುದು ಅಪರೂಪ. ಉಳಿದಿರುವ ಒಂದು ಹೆಸರಿಗಾಗಿ, ಈ ವ್ಯವಸ್ಥೆಯು ಎಲ್ಲಿಂದ ನಮ್ಮ ನಾಡಿಗೆ ಬಂತೋ ಆ ಇಂಗ್ಲೆಂಡಿಗೇ ಹೋಗಬೇಕು.

ಯಾರ್ಕ್‌ಶೈರಿನ ಡಾನ್‌ಕ್ಯಾಸ್ಟರ್ ಪಟ್ಟಣದಲ್ಲಿ ಮೇರಿ ಫ್ರಾನ್ಸಿಸ್ ಹೀಟನ್ ಎಂಬ ಅವಿವಾಹಿತೆ ಮಕ್ಕಳಿಗೆ ಸಂಗೀತ ಕಲಿಸಿ ಜೀವನ ನಡೆಸುತ್ತಿದ್ದಳು. ಜನಿಸಿದ್ದು 1801ರಲ್ಲಿ. ಆ ಊರಿನ ಆಂಗ್ಲಿಕನ್ ಧರ್ಮಗುರುವಿನ ಮಗಳಿಗೂ ಪಾಠ ಹೇಳಿದ್ದಳು. ಪಾಠದ ಹಣ ಬರಲಿಲ್ಲವೆಂಬುದು ಆಕೆಯ ದೂರು. ಕೇಳಿ ಕೇಳಿ ಸಾಕಾಗಿ, 1837ರಲ್ಲಿ ಆತನನ್ನು ಎಲ್ಲರೆದುರು ಕಳ್ಳ, ಸುಳ್ಳುಗಾರ, ಕಪಟಿ ಎಂದು ಜರೆದಳು. ಪ್ರಭು ಯೇಸು ಫರಿಸಾಯರನ್ನು ಕುರಿತು ಬಳಸಿದ ಸುಣ್ಣ ಬಳಿದ ಸಮಾಧಿಯ ಹೋಲಿಕೆಯನ್ನು ಆ ಗುರುವಿಗೇ ಅನ್ವಯಿಸಿದಳು. ಪರಿಣಾಮ, ನ್ಯಾಯಾಧಿಕಾರಿಗಳ ಮುಂದೆ ವಿಚಾರಣೆ. ಆಕೆಗೆ ಹಣ ಸಲ್ಲಬೇಕೇ ಬೇಡವೇ ಎಂಬ ಪ್ರಶ್ನೆ ಬದಿಗೆ ಸರಿಯಿತು. ಆಕೆಗೆ ಬುದ್ಧಿ ಸ್ಥಿಮಿತವಿದೆಯೇ ಎಂಬ ಪ್ರಶ್ನೆ ಮುಂದೆ ಬಂತು. ಆಕೆಯನ್ನು ವೇಕ್‌ಫೀಲ್ಡ್‌ನ ಬಡವರ ಹುಚ್ಚಾಸ್ಪತ್ರೆಗೆ ಕಳುಹಿಸಿದರು. ಹೀಟನ್ ಹೊರಜಗತ್ತಿನಲ್ಲಿ ಮತ್ತೆಂದೂ ಬಾಳಲಿಲ್ಲ. 1878ರಲ್ಲಿ ರೋಗಿಯಾಗಿಯೇ ಕಣ್ಣು ಮುಚ್ಚಿದಳು. ನಲವತ್ತೊಂದು ವರ್ಷ!

ವೇಕ್‌ಫೀಲ್ಡ್‌ನ ಆ ಆಸ್ಪತ್ರೆ ಕೆಟ್ಟ ಹೆಸರಿನದೇನೂ ಅಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. 1818ರಲ್ಲಿ ತೆರೆದಾಗ ಅದು ಮಾದರಿ ಸಂಸ್ಥೆ ಎನಿಸಿತ್ತು. ಅಲ್ಲಿನ ಮೊದಲ ಮೇಲ್ವಿಚಾರಕ ವಿಲಿಯಂ ಎಲ್ಲಿಸ್ ರೋಗಿಗಳಿಗೆ ತೋಟದ ಕೆಲಸ, ಕೈಕೆಲಸ ಕೊಟ್ಟು ಮನಸ್ಸನ್ನು ಹದಕ್ಕೆ ತರಬಹುದೆಂದು ನಂಬಿದವರು. ಮುಂದೆ 1866ರಿಂದ ಹತ್ತು ವರ್ಷ ಜೇಮ್ಸ್ ಕ್ರಿಕ್ಟನ್-ಬ್ರೌನ್ ಎಂಬ ವಿಜ್ಞಾನಿ ಅಲ್ಲಿನ ಮುಖ್ಯಸ್ಥರಾಗಿದ್ದರು. ಮನುಷ್ಯನ ಮುಖಭಾವಗಳ ಬಗೆಗೆ ಚಾರ್ಲ್ಸ್ ಡಾರ್ವಿನ್ ಪುಸ್ತಕ ಬರೆಯುವಾಗ ಇವರಿಂದ ಮಾಹಿತಿ ತರಿಸಿಕೊಂಡಿದ್ದರು. ಅಂಥ ಪಂಡಿತರು ಓಡಾಡುವ ಅದೇ ಮೊಗಸಾಲೆಗಳಲ್ಲಿ ಈ ಸಂಗೀತದ ಶಿಕ್ಷಕಿ ಮುದುಕಿಯಾಗುತ್ತಿದ್ದಳು. ಪಾದರಸ, ವಿದ್ಯುತ್ತು ಮುಂತಾದ ಆ ಕಾಲದ ಚಿಕಿತ್ಸೆಗಳೂ ಆಕೆಯ ಮೇಲೆ ನಡೆದವು.

ವೈದ್ಯರ ಕಣ್ಣಿಗೆ ಆಕೆಯ ದೊಡ್ಡ ರೋಗಲಕ್ಷಣವೆಂದರೆ ಆ ದೂರೇ ಆಗಿತ್ತು. ಗುರು ತನಗೆ ಹಣ ಕೊಡಬೇಕೆಂದು ಇನ್ನೂ ಹೇಳುತ್ತಾಳೆ, ಆದ್ದರಿಂದ ಭ್ರಮೆ ಹೋಗಿಲ್ಲ. ಭ್ರಮೆ ಹೋಗದೆ ಬಿಡುಗಡೆಯಿಲ್ಲ. ಬಿಡುಗಡೆಯಾಗದೆ ದೂರನ್ನು ಪರೀಕ್ಷಿಸುವ ಬಗೆಯಿಲ್ಲ. ಹುಚ್ಚು ಬಿಟ್ಟಲ್ಲದೆ ಮದುವೆಯಾಗದು, ಮದುವೆಯಾದಲ್ಲದೆ ಹುಚ್ಚು ಬಿಡದು ಎಂಬ ನಮ್ಮ ಗಾದೆ ಈ ಹೆಣ್ಣುಮಗಳ ಬಾಳಿನಲ್ಲಿ ಅಕ್ಷರಶಃ ನಿಜವಾಯಿತು. ಆಕೆಗೆ ಕಾಯಿಲೆಯೇ ಇರಲಿಲ್ಲವೆಂದು ಸಾಧಿಸಲು ನಾನು ಹೊರಟಿಲ್ಲ. ಇದ್ದಿರಬಹುದು. ಆದರೆ ಹಣವಂತರ ಮನೆಯ ಮಗಳಾಗಿದ್ದು, ಅಣ್ಣನೋ ಗಂಡನೋ ವಕೀಲರನ್ನು ಹಿಡಿದು ಬಂದಿದ್ದರೆ ಅದೇ ಕಾಯಿಲೆಗೆ ನಲವತ್ತೊಂದು ವರ್ಷ ಬೇಕಾಗುತ್ತಿರಲಿಲ್ಲ ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಹೀಟನ್ ಸುಮ್ಮನಿರಲಿಲ್ಲ. ಸೂಜಿ ದಾರ ಹಿಡಿದು ಬಟ್ಟೆಯ ಮೇಲೆ ತನ್ನ ಅಹವಾಲನ್ನು ಅಕ್ಷರ ಅಕ್ಷರವಾಗಿ ಹೊಲಿದಳು. ಒಂದು ಸಾಲು ಹೊಲಿಯಲು ಎಷ್ಟು ಹೊತ್ತು ಬೇಕೆಂಬುದು ಕಸೂತಿ ಬಲ್ಲ ನಮ್ಮ ತಾಯಂದಿರಿಗೆ ಗೊತ್ತು. ಆ ಬಟ್ಟೆಗಳಲ್ಲಿ ಕೆಲವು ಉಳಿದು, ವೇಕ್‌ಫೀಲ್ಡ್‌ನ ಮಾನಸಿಕ ಆರೋಗ್ಯ ವಸ್ತುಸಂಗ್ರಹಾಲಯಕ್ಕೆ ಸೇರಿವೆ. ಈಚಿನ ವರ್ಷಗಳಲ್ಲಿ ಆ ಊರಿನ ಮಹಿಳೆಯರು ಮುಂದಾಗಿ ಆಕೆಯ ನೆನಪಿಗೆ ಫಲಕವೊಂದನ್ನೂ ಇರಿಸಿದ್ದಾರೆ.

‘ಬಡ ರೋಗಿ’ ಎಂಬುದು ಅಂದು ಕರುಣೆಯ ಮಾತಲ್ಲ, ಲೆಕ್ಕದ ಪುಸ್ತಕದ ಮಾತು. ಇಂಗ್ಲೆಂಡಿನಲ್ಲಿ ಪ್ಯಾರಿಷ್ ಎಂದರೆ ಆರಾಧನೆಗೆ ಕೂಡುವ ಸಮುದಾಯ ಮಾತ್ರವಾಗಿರಲಿಲ್ಲ. ಬಡವರ ಪೋಷಣೆಗಾಗಿ ತೆರಿಗೆ ಎತ್ತುವ ಘಟಕವೂ ಅದೇ. ಹುಚ್ಚಾಸ್ಪತ್ರೆಯ ಬಡ ರೋಗಿಯ ವಾರದ ವೆಚ್ಚವನ್ನು ಅವನ ಪ್ಯಾರಿಷೇ ತೆರಬೇಕಾಗಿತ್ತು. ಹಣ ತೆತ್ತರೆ ಹೊಣೆ ತೀರಿತು ಎಂದು ಊರವರು ತಿಳಿದರೆ ಆಶ್ಚರ್ಯವಿಲ್ಲ.

ಹಾಗೆ ತಿಳಿಯದವರೂ ಇದ್ದರು. 1790ರಲ್ಲಿ ಹ್ಯಾನಾ ಮಿಲ್ಸ್ ಎಂಬ ಕ್ವೇಕರ್ ಪಂಥದ ವಿಧವೆಯನ್ನು ಯಾರ್ಕ್ ಹುಚ್ಚಾಸ್ಪತ್ರೆಗೆ ಸೇರಿಸಿದ್ದರು. ನೋಡಲು ಹೋದ ಸಭೆಯ ಮಿತ್ರರನ್ನು ಒಳಗೆ ಬಿಡಲಿಲ್ಲ. ಕೆಲವೇ ವಾರಗಳಲ್ಲಿ ಆಕೆ ಸತ್ತ ಸುದ್ದಿ ಬಂತು. ಆ ನೋವಿನಿಂದಲೇ ವಿಲಿಯಂ ಟ್ಯೂಕ್ ಎಂಬ ಚಹಾ ವ್ಯಾಪಾರಿ ಹಣ ಕೂಡಿಸಿ, 1796ರಲ್ಲಿ ಯಾರ್ಕ್‌ನಲ್ಲಿ ‘ರಿಟ್ರೀಟ್’ ಎಂಬ ಮನೆಯನ್ನು ತೆರೆದರು. ಸರಪಣಿಯ ಬದಲು ಅಲ್ಲಿ ಮಾತುಕತೆ, ತೋಟ, ಒಟ್ಟಾಗಿ ಕುಳಿತ ಊಟ. ಹುಚ್ಚಾಸ್ಪತ್ರೆಗಳ ಸುಧಾರಣೆಯ ಚರಿತ್ರೆಯಲ್ಲಿ ದೊಡ್ಡ ಅಧ್ಯಾಯವೆನಿಸಿದ ಇದು ಶುರುವಾದದ್ದು, ‘ನಮ್ಮವಳನ್ನು ನೋಡಲು ಏಕೆ ಬಿಡಲಿಲ್ಲ?’ ಎಂಬ ಒಂದು ಪ್ರಶ್ನೆಯಿಂದ.

ನಮ್ಮ ದೇಶದಲ್ಲಿ ಅದೇ ಬಗೆಯ ತಿರುವು ಕೊರತೆಯಿಂದ ಹುಟ್ಟಿತು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ರೋಗಿಗಳು ಹೆಚ್ಚು, ಸಿಬ್ಬಂದಿ ಕಡಿಮೆ. ಡಾ. ವಿದ್ಯಾಸಾಗರ್ ಆಸ್ಪತ್ರೆಯ ಬಯಲಿನಲ್ಲಿ ಡೇರೆಗಳನ್ನು ಹಾಕಿಸಿ, ರೋಗಿಗಳ ಜೊತೆ ಮನೆಯವರೂ ಬಂದು ಉಳಿಯಲಿ ಎಂದರು. ತಾಯಿಯೇ ಪಕ್ಕದಲ್ಲಿ ಕುಳಿತು ಉಣ್ಣಿಸಿದ ರೋಗಿ ಬೇಗ ಚೇತರಿಸಿಕೊಂಡ. ಮನೆಗೆ ಮರಳುವುದೂ ಸುಲಭವಾಯಿತು. ವೆಲ್ಲೂರು, ಬೆಂಗಳೂರುಗಳಲ್ಲಿಯೂ ಈ ಪದ್ಧತಿ ಬೇರೂರಿತು. ಬೆಂಗಳೂರಿನ ನೆಲ ಅದಕ್ಕೆ ಮೊದಲೇ ಹದಗೊಂಡಿತ್ತು. 1925ರಲ್ಲಿ ಮೈಸೂರು ಸರ್ಕಾರ ಹುಚ್ಚಾಸ್ಪತ್ರೆ ಎಂಬ ಹೆಸರನ್ನೇ ತೆಗೆದು ಮಾನಸಿಕ ಆಸ್ಪತ್ರೆ ಎಂದು ಕರೆದಿತ್ತು. ಡಾ. ಫ್ರಾಂಕ್ ನರೋನ್ಹಾ, ಅವರ ಬಳಿಕ ಡಾ. ಎಂ. ವಿ. ಗೋವಿಂದಸ್ವಾಮಿ ಅದನ್ನು ಮುನ್ನಡೆಸಿದರು. 1954ರಲ್ಲಿ ಅದರ ಮಗ್ಗುಲಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಯಿತು; ಎರಡೂ ಸೇರಿ 1974ರ ಡಿಸೆಂಬರ್ 27ರಂದು ನಿಮ್ಹಾನ್ಸ್ ಆಯಿತು. 1980ರ ದಶಕದಲ್ಲಿ ಈ ಸಂಸ್ಥೆಯ ವೈದ್ಯರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೇ ತರಬೇತಿ ಕೊಟ್ಟು, ಮನೋರೋಗದ ಮದ್ದು ಹಳ್ಳಿಯ ಹತ್ತಿರವೇ ಸಿಗುವಂತೆ ಮಾಡಿದರು. ಗಾಡಿ ಕಟ್ಟಿ ಬೆಂಗಳೂರಿಗೆ ಸಾಗಿಸುವ ಅಗತ್ಯವನ್ನೇ ತಪ್ಪಿಸುವ ಪ್ರಯತ್ನ ಅದು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ.

ಇಷ್ಟೆಲ್ಲ ಆದ ಮೇಲೂ ಹೀಟನ್‌ಳ ಕಥೆ ಹಳೆಯದಾಗಲಿಲ್ಲ. ಅಸ್ಸಾಮಿನ ಮಚಾಂಗ್ ಲಾಲುಂಗ್ ಎಂಬ ಬುಡಕಟ್ಟಿನ ಬಡವರನ್ನು 1951ರಲ್ಲಿ ಪೊಲೀಸರು ಬಂಧಿಸಿದರು. ವಿಚಾರಣೆ ನಡೆಯುವ ಮೊದಲೇ ತೇಜ್‌ಪುರದ ಮಾನಸಿಕ ಆಸ್ಪತ್ರೆಗೆ ಕಳುಹಿಸಿದರು. ಬ್ರಿಟಿಷರು 1876ರಲ್ಲಿ ಕಟ್ಟಿಸಿದ ಹುಚ್ಚಾಸ್ಪತ್ರೆ ಅದು. 1967ರಲ್ಲಿ ವೈದ್ಯರು ಅವರು ಗುಣಮುಖರಾಗಿದ್ದಾರೆಂದು ಬರೆದುಕೊಟ್ಟರು. ಬಿಡುಗಡೆ ಆಗಲಿಲ್ಲ, ಸೆರೆಮನೆಗೆ ವರ್ಗವಾಯಿತು. ಕೇಳುವವರು ಯಾರೂ ಇರಲಿಲ್ಲ. 2005ರಲ್ಲಿ, ಐವತ್ತನಾಲ್ಕು ವರ್ಷಗಳ ಬಳಿಕ, ಒಂದು ರೂಪಾಯಿಯ ಮುಚ್ಚಳಿಕೆಯ ಮೇಲೆ ಅವರನ್ನು ಬಿಟ್ಟರು. ಪರಿಹಾರ ಕೊಡುವಂತೆ ಸರ್ವೋಚ್ಚ ನ್ಯಾಯಾಲಯ ರಾಜ್ಯ ಸರ್ಕಾರಕ್ಕೆ ಆಜ್ಞಾಪಿಸಿತು. ಊರು ಸೇರಿದ ಲಾಲುಂಗ್ 2007ರ ಕೊನೆಯಲ್ಲಿ ತೀರಿಕೊಂಡರು.

2017ರಲ್ಲಿ ಸಂಸತ್ತು ಅಂಗೀಕರಿಸಿದ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯ ಹತ್ತೊಂಬತ್ತನೆಯ ಕಲಮು ಈ ಹಳೆಯ ಗಾಯದ ಮೇಲೆಯೇ ಬೆರಳಿಡುತ್ತದೆ. ಕುಟುಂಬವಿಲ್ಲ, ಕುಟುಂಬ ಒಪ್ಪುತ್ತಿಲ್ಲ, ಮನೆಯಿಲ್ಲ ಎಂಬ ಕಾರಣಕ್ಕಾಗಿ ಮಾತ್ರವೇ ಯಾರನ್ನೂ ಆಸ್ಪತ್ರೆಯಲ್ಲಿ ಉಳಿಸಿಕೊಳ್ಳುವಂತಿಲ್ಲ ಎನ್ನುತ್ತದೆ ಅದು. ಕಾಯಿದೆ ಬಂದ ಮೇಲೂ, ಗುಣವಾಗಿಯೂ ಹೋಗಲು ಮನೆಯಿಲ್ಲದೆ ಆಸ್ಪತ್ರೆಗಳಲ್ಲಿಯೇ ಉಳಿದವರ ವಿಷಯ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂತು. ಅಂಥವರಿಗಾಗಿ ಪುನರ್ವಸತಿ ಮನೆಗಳನ್ನು ತೆರೆಯಿರಿ ಎಂದು ನ್ಯಾಯಾಲಯ ರಾಜ್ಯಗಳಿಗೆ ಮತ್ತೆ ಮತ್ತೆ ಹೇಳಬೇಕಾಯಿತು.